ಹಿತ್ತಲಿಗೆ ಬರುವ ಕಪ್ಪು ಕರಡಿ, ಮರಕ್ಕೆ ಕಟ್ಟಿದ ಕ್ಯಾಮೆರಾ: ಪದೇ ಪದೇ ಕೇಳುವ ಪ್ರಶ್ನೆಗಳು

ನ್ಯೂಜೆರ್ಸಿಯ ವಾಯವ್ಯ ಮೂಲೆಯಲ್ಲಿರುವ ಸಸೆಕ್ಸ್ ಕೌಂಟಿಯಲ್ಲಿ ನಮ್ಮ ಮನೆ. ಹಿತ್ತಲು ಮುಗಿಯುವಲ್ಲಿ ಓಕ್ ಮರಗಳ ಕಾಡು ಶುರುವಾಗುತ್ತದೆ. ಒಂಬತ್ತು ವರ್ಷಗಳಿಂದ ಅಲ್ಲಿ ಎರಡು ಕ್ಯಾಮೆರಾ ಕಟ್ಟಿದ್ದೇನೆ. ಅದನ್ನು ನೋಡಿ ನಮ್ಮ ಬೀದಿಯ ಇನ್ನೂ ನಾಲ್ಕು ಮನೆಯವರು ಕಟ್ಟಿಕೊಂಡರು. ಅಂದಿನಿಂದ ಕನ್ನಡ ಕೂಟದ ಊಟದ ಸಾಲಿನಲ್ಲಿ, ಊರಿನಿಂದ ಬರುವ ಫೋನಿನಲ್ಲಿ, ಪತ್ರಗಳಲ್ಲಿ ಅವೇ ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತಿವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಬರೆದುಕೊಂಡು ಉತ್ತರಿಸಿದ್ದೇನೆ.

## ಮೊದಲು ಕೇಳುವವು

ಅಷ್ಟು ಜನ ತುಂಬಿದ ನ್ಯೂಜೆರ್ಸಿಯಲ್ಲಿ ಕರಡಿ ಎಲ್ಲಿಂದ ಬಂತು?

ಮೊದಲೂ ಇಲ್ಲೇ ಇತ್ತು. ಕಾಡು ಕಡಿದಾಗ ಹೋಯಿತು, ಕಾಡು ಬೆಳೆದಾಗ ಬಂತು. ಅಮೆರಿಕದ ರಾಜ್ಯಗಳ ಪೈಕಿ ಚದರ ಮೈಲಿಗೆ ಅತಿ ಹೆಚ್ಚು ಜನ ವಾಸಿಸುವುದು ನ್ಯೂಜೆರ್ಸಿಯಲ್ಲೇ. ಆದರೆ ಉತ್ತರದ ಬೆಟ್ಟಸಾಲಿನಲ್ಲಿ ರೈತರು ಬಿಟ್ಟುಹೋದ ಹೊಲಗಳಲ್ಲೆಲ್ಲ ಮರಗಳು ಮತ್ತೆ ಎದ್ದವು. 1971ರಲ್ಲಿ ರಾಜ್ಯ ಕರಡಿ ಬೇಟೆಯನ್ನು ನಿಲ್ಲಿಸಿತು. ಅದು ಮತ್ತೆ ಆರಂಭವಾದದ್ದು 2003ರಲ್ಲಿ. ಆ ನಡುವೆ ಇಲ್ಲಿನ ಕರಡಿಗಳು ಹೆಚ್ಚಿದವು, ಪಕ್ಕದ ಪೆನ್ಸಿಲ್ವೇನಿಯ ಮತ್ತು ನ್ಯೂಯಾರ್ಕ್ ರಾಜ್ಯಗಳಿಂದಲೂ ಗಡಿ ದಾಟಿ ಬಂದವು. ಈಗ ರಾಜ್ಯದ 21 ಕೌಂಟಿಗಳಲ್ಲೂ ಕರಡಿ ಕಂಡ ದಾಖಲೆಯಿದೆ. ಅದೇ ವರ್ಷಗಳಲ್ಲಿ ನಮ್ಮಂಥವರ ಮನೆಗಳು ಕಾಡಿನ ಅಂಚಿನವರೆಗೂ ಹೋದವು.

ಇದೂ ನಮ್ಮ ತುಮಕೂರು, ಬಳ್ಳಾರಿ ಕಡೆಯ ಕರಡಿಯ ಹಾಗೆ ಮೈಮೇಲೆ ಬೀಳುತ್ತದೆಯೇ?

ತುಮಕೂರಿನ ಚಿಕ್ಕಮ್ಮ ಪ್ರತಿ ಸಲ ಫೋನಿನಲ್ಲಿ ಕೇಳುವ ಪ್ರಶ್ನೆ ಇದು. ಅವರ ಭಯಕ್ಕೆ ಕಾರಣವಿದೆ. ದರೋಜಿಯ ಕರಡಿಧಾಮದಲ್ಲಿ ಕಾಣುವ ನಮ್ಮ ಕರಡಿ ಗೆದ್ದಲು, ಇರುವೆ, ಹಣ್ಣು ತಿನ್ನುವ, ಜೂಲು ಕೂದಲಿನ, ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುವ ಪ್ರಾಣಿ. ಹುಲಿ, ಚಿರತೆಗಳ ನಡುವೆ ಬದುಕಿ ಬಂದ ಅದು ಹತ್ತಿರದಲ್ಲಿ ಹಠಾತ್ತನೆ ಮನುಷ್ಯ ಎದುರಾದರೆ ಓಡುವ ಬದಲು ತಿರುಗಿ ಬೀಳುತ್ತದೆ.

ಅಮೆರಿಕದ ಕಪ್ಪು ಕರಡಿ ಬೇರೆಯೇ ಜಾತಿ. ಕೂದಲು ಗಿಡ್ಡ, ಮೂತಿ ಕಂದು, ಉಗುರು ಚಿಕ್ಕದಾಗಿ ಬಾಗಿರುತ್ತದೆ. ಹೆದರಿದರೆ ಸರಸರನೆ ಮರ ಹತ್ತುತ್ತದೆ. ಇಲ್ಲಿನ ಹೆಣ್ಣು ಸುಮಾರು 80 ಕಿಲೊ, ಗಂಡು ಸುಮಾರು 180 ಕಿಲೊ ತೂಗುತ್ತದೆ. ಮನುಷ್ಯರ ಮೇಲೆ ಬೀಳುವುದು ಅಪರೂಪ. ಆದರೆ ಅಪರೂಪ ಎಂದ ಮಾತ್ರಕ್ಕೆ ಇಲ್ಲವೇ ಇಲ್ಲ ಎಂದು ಚಿಕ್ಕಮ್ಮನಿಗೆ ಸುಳ್ಳು ಹೇಳುವುದಿಲ್ಲ.

ಕಸ ಹಾಕಲು ಹೋದಾಗ ಎದುರಿಗೇ ನಿಂತಿದ್ದರೆ ಏನು ಮಾಡಲಿ?

ಓಡಬೇಡಿ. ಅದರ ಕಣ್ಣಿನಲ್ಲಿ ಕಣ್ಣಿಟ್ಟು ನಿಲ್ಲಬೇಡಿ, ಆದರೆ ಅದರ ಮೇಲಿನ ಗಮನ ತಪ್ಪದಿರಲಿ. ಗಟ್ಟಿಯಾಗಿ, ಸಮಾಧಾನದ ಧ್ವನಿಯಲ್ಲಿ ಮಾತನಾಡುತ್ತಾ ಹಿಂದೆ ಹಿಂದೆ ಸರಿದು ಮನೆಯೊಳಗೆ ಹೋಗಿ. ಅದಕ್ಕೆ ತಪ್ಪಿಸಿಕೊಳ್ಳಲು ದಾರಿ ಇರಬೇಕು. ಗ್ಯಾರೇಜಿನೊಳಗೆ ಹೊಕ್ಕಿದ್ದರೆ ಬಾಗಿಲಿಗೆ ಅಡ್ಡ ನಿಲ್ಲಬೇಡಿ. ಅದು ಹಲ್ಲು ಕಟಕಟಿಸಿದರೆ, ನೆಲಕ್ಕೆ ಪಂಜ ಬಡಿದರೆ, ನೀವು ತುಂಬ ಹತ್ತಿರ ಬಂದಿದ್ದೀರಿ ಎಂದು ಅರ್ಥ. ನಿಜವಾಗಿಯೂ ಮೈಮೇಲೆ ಬಂದರೆ ಸತ್ತಂತೆ ಮಲಗುವುದು ಕಪ್ಪು ಕರಡಿಯ ವಿಷಯದಲ್ಲಿ ತಪ್ಪು. ಕೈಗೆ ಸಿಕ್ಕಿದ್ದರಿಂದ ಹೊಡೆದು ಎದುರಿಸಬೇಕು.

ಮೊಬೈಲ್ ತೆಗೆದು ಫೋಟೊ ಹಿಡಿಯುತ್ತಾ ನಿಲ್ಲಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಈ ರಾಜ್ಯದಲ್ಲಿ ಕಪ್ಪು ಕರಡಿಯಿಂದ ಮನುಷ್ಯನೊಬ್ಬ ಸತ್ತ ಮೊದಲ ದಾಖಲೆ 2014ರದ್ದು. ಹತ್ತಿರದಿಂದ ಫೋಟೊ ತೆಗೆಯುವ ಕೆಲಸ ಮರಕ್ಕೆ ಕಟ್ಟಿದ ಕ್ಯಾಮೆರಾಕ್ಕೆ ಇರಲಿ.

ಬಾಗಿಲಿನ ಗಂಟೆಯಲ್ಲೇ ಕ್ಯಾಮೆರಾ ಇದೆಯಲ್ಲ, ಮರಕ್ಕೆ ಇನ್ನೊಂದು ಏಕೆ?

ಗಂಟೆಯ ಕ್ಯಾಮೆರಾ ಕರಡಿ ಬಂತು ಎಂದು ಹೇಳುತ್ತದೆ. ಏಕೆ ಬಂತು ಎಂದು ಹೇಳುವುದಿಲ್ಲ. ನಮ್ಮ ಗಂಟೆಯ ಕ್ಯಾಮೆರಾದಲ್ಲಿ ಮೊದಲ ಸಲ ಕಂಡದ್ದು ನಾಲ್ಕು ಸೆಕೆಂಡಿನ ವಿಡಿಯೊ: ಕಾರಿನ ಹಿಂದೆ ಒಂದು ಕಪ್ಪು ಬೆನ್ನು ಹಾದುಹೋಯಿತು, ಅಷ್ಟೇ. ಮರಕ್ಕೆ ಕ್ಯಾಮೆರಾ ಕಟ್ಟಿ ಒಂದು ಬೇಸಿಗೆ ಕಳೆದ ಮೇಲೆ ಕಥೆ ಬಿಚ್ಚಿಕೊಂಡಿತು. ರಸ್ತೆಯ ಕೆಳಗಿನ ಮೋರಿಯಿಂದ ಹೊರಬಂದು, ನಮ್ಮ ಬೇಲಿಯ ಪಕ್ಕದಲ್ಲೇ ನಡೆದು, ಕೆಳಗಿನ ಮೂರು ಮನೆಗಳ ಕಸದ ಡಬ್ಬಗಳತ್ತ ಅದು ಹೋಗುತ್ತಿತ್ತು. ಹೋಗುತ್ತಿದ್ದದ್ದು ಹೆಚ್ಚಾಗಿ ಬುಧವಾರ ರಾತ್ರಿ. ನಮ್ಮ ಬೀದಿಗೆ ಕಸದ ಲಾರಿ ಬರುವುದು ಗುರುವಾರ ಬೆಳಿಗ್ಗೆ. ಹಿಂದಿನ ಸಂಜೆಯೇ ಎಲ್ಲರೂ ಡಬ್ಬವನ್ನು ರಸ್ತೆಯಂಚಿಗೆ ಉರುಳಿಸಿ ಇಡುತ್ತಿದ್ದೆವು. ಫೋಟೊಗಳ ಮೂಲೆಯಲ್ಲಿನ ದಿನಾಂಕಗಳನ್ನು ಸಾಲಾಗಿ ಬರೆದಿಟ್ಟಾಗ ನನಗೆ ಮೈ ಜುಮ್ಮೆಂದಿತು. ನಮ್ಮ ವಾರದ ಲೆಕ್ಕವನ್ನು ಅದು ಕಲಿತುಕೊಂಡಿತ್ತು.

ಯಾರೂ ಒತ್ತದೆ ಅದು ತಾನಾಗಿ ಹೇಗೆ ಫೋಟೊ ತೆಗೆಯುತ್ತದೆ?

ಬಿಸಿ ಮೈಯಿಂದ ಇನ್ಫ್ರಾರೆಡ್ ಎಂಬ ಕಣ್ಣಿಗೆ ಕಾಣದ ಕಿರಣ ಹೊರಡುತ್ತದೆ. ಹಿಂದಿನ ಗಿಡ, ನೆಲಕ್ಕಿಂತ ಬೇರೆ ಬಿಸಿಯ ಯಾವುದಾದರೂ ವಸ್ತು ಸರಿದಾಡಿದರೆ ಕ್ಯಾಮೆರಾದ ಸಂವೇದಕಕ್ಕೆ ಅದು ಗೊತ್ತಾಗಿ ಚಿತ್ರ ತೆಗೆಯುತ್ತದೆ. ಅದಕ್ಕೆ ಕರಡಿ, ನಾಯಿ, ಅಂಚೆಯವನು ಎಂಬ ಭೇದವಿಲ್ಲ. ಬಿಸಿಲಿಗೆ ಕಾದ ಎಲೆಗಳು ಗಾಳಿಗೆ ಅಲ್ಲಾಡಿದರೂ ತೆಗೆಯುತ್ತದೆ. ಜುಲೈ ಮಧ್ಯಾಹ್ನ ನೆಲವೂ ಕರಡಿಯ ಮೈಯೂ ಒಂದೇ ಬಿಸಿಗೆ ಬಂದಾಗ ಎದುರಿಗೇ ಹಾದುಹೋದ ಕರಡಿಯನ್ನೂ ಬಿಟ್ಟುಬಿಡಬಹುದು. ಫೋಟೊ ಇಲ್ಲದ ಮಧ್ಯಾಹ್ನವನ್ನು ಕರಡಿ ಬಾರದ ಮಧ್ಯಾಹ್ನ ಎಂದು ಬರೆದುಕೊಳ್ಳಬೇಡಿ.

## ಕಟ್ಟುವಾಗ

ಎಷ್ಟು ಎತ್ತರಕ್ಕೆ, ಯಾವ ದಿಕ್ಕಿಗೆ ಕಟ್ಟಬೇಕು?

ಮೊಣಕಾಲಿನಿಂದ ಸೊಂಟದ ನಡುವೆ. ನಾನು ಸುಮಾರು ಎರಡೂವರೆ ಅಡಿಗೆ ಕಟ್ಟುತ್ತೇನೆ. ನಾಲ್ಕು ಕಾಲಿನಲ್ಲಿ ನಿಂತ ಕರಡಿಯ ಎದೆಯ ಮಟ್ಟ ಅದು. ತಲೆಯ ಮೇಲೆ ಕಟ್ಟಿ ಕೆಳಗೆ ಬಾಗಿಸಿದರೆ ಬೆನ್ನು ಮಾತ್ರ ಕಾಣುತ್ತದೆ, ಮುಖ, ಎದೆ, ಕಿವಿ ಯಾವುದೂ ಸಿಗುವುದಿಲ್ಲ. ದಾರಿಗೆ ನೇರ ಅಡ್ಡವಾಗಿ ಇಡುವುದಕ್ಕಿಂತ ಸ್ವಲ್ಪ ಓರೆಯಾಗಿ ಇಟ್ಟರೆ ಪ್ರಾಣಿ ಚೌಕಟ್ಟಿನಲ್ಲಿ ಹೆಚ್ಚು ಹೊತ್ತು ಇರುತ್ತದೆ. ಉತ್ತರಕ್ಕೆ ಮುಖ ಮಾಡಿದರೆ ಬಿಸಿಲು ಹೊಡೆಯುವುದಿಲ್ಲ. ಎದುರಿನ ಹುಲ್ಲು, ಕೊಂಬೆ ಕತ್ತರಿಸಿ. ಕಟ್ಟಿದ ಮೇಲೆ ನೀವೇ ಕೈಕಾಲು ಊರಿ ಅದರ ಮುಂದೆ ಒಮ್ಮೆ ಹಾದುಹೋಗಿ, ಚಿತ್ರ ತೆಗೆದು ನೋಡಿ. ನಮ್ಮ ಮಕ್ಕಳಿಗೆ ಇದಕ್ಕಿಂತ ಇಷ್ಟದ ಕೆಲಸ ಇನ್ನೊಂದಿಲ್ಲ.

ಎಲ್ಲಿ ಕಟ್ಟಬೇಕು ಎನ್ನುವುದಕ್ಕೆ ಕಾಲುದಾರಿ ಹುಡುಕಿ: ಬೇಲಿ ಮುಗಿಯುವ ಜಾಗ, ಹಳ್ಳದ ದಡ, ಮೋರಿಯ ಬಾಯಿ. ತೊಗಟೆ ಪರಚಿ ಕೂದಲು ಅಂಟಿಕೊಂಡ ಮರ ಸಿಕ್ಕರೆ ಅದೃಷ್ಟ. ಕರಡಿಗಳು ಬೆನ್ನುಜ್ಜಿ ವಾಸನೆ ಬಿಟ್ಟುಹೋಗುವ ಮರ ಅದು. ಒಂದರ ನಂತರ ಒಂದು ಅಲ್ಲಿಗೇ ಬರುತ್ತವೆ.

ಚೆನ್ನಾಗಿ ಕಾಣಲಿ ಎಂದು ಒಂದಿಷ್ಟು ಜೇನು, ಬಾಳೆಹಣ್ಣು ಇಟ್ಟರೆ ತಪ್ಪೇ?

ತಪ್ಪು. ನ್ಯೂಜೆರ್ಸಿಯಲ್ಲಿ ಕರಡಿಗೆ ತಿನ್ನಲು ಹಾಕುವುದು ಕಾನೂನಿಗೆ ವಿರುದ್ಧ; 1,000 ಡಾಲರ್‌ವರೆಗೆ ದಂಡವಿದೆ. ದಂಡಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನಿಮ್ಮ ಮರದ ಬುಡದಲ್ಲಿ ಬಾಳೆಹಣ್ಣು ತಿಂದ ಕರಡಿ ನಾಳೆ ಪಕ್ಕದ ಮನೆಯ ಅಡುಗೆಮನೆ ಕಿಟಕಿಯವರೆಗೂ ಹೋಗುತ್ತದೆ. ಆಗ ಯಾರೋ ಹೆದರಿ ದೂರು ಕೊಡುತ್ತಾರೆ. ಮನೆಗೆ ನುಗ್ಗಲು ಕಲಿತ ಕರಡಿಯನ್ನು ಕೊನೆಗೆ ಕೊಲ್ಲುತ್ತಾರೆ. ಒಂದು ಫೋಟೊಕ್ಕೆ ಆ ಬೆಲೆ ಕೊಡಲು ನನಗೆ ಮನಸ್ಸಿಲ್ಲ, ನಿಮಗೂ ಇರಲಾರದು.

ತಿಂಡಿ ಇಟ್ಟರೆ ಫೋಟೊದ ಬೆಲೆಯೂ ಹೋಗುತ್ತದೆ. ಕರಡಿ ತಾನಾಗಿ ಎಲ್ಲಿ ತಿರುಗುತ್ತದೆ ಎಂದು ತಿಳಿಯಲು ಕ್ಯಾಮೆರಾ ಕಟ್ಟಿದವರು ನಾವು.

ಪಿತೃಪಕ್ಷದಲ್ಲಿ ಕಾಗೆಗೆ ಎಡೆ ಇಡುತ್ತೇವೆ. ಅದನ್ನೂ ಬಿಡಬೇಕೇ?

ಬಿಡಬೇಕಾಗಿಲ್ಲ, ಇಡುವ ರೀತಿ ಬದಲಿಸಿಕೊಳ್ಳಿ. ಈ ಪ್ರಶ್ನೆಯನ್ನು ಹಿರಿಯರೊಬ್ಬರು ಬಹಳ ಸಂಕೋಚದಿಂದ ಕೇಳಿದರು. ಅದಕ್ಕೇ ಬಿಡಿಸಿ ಹೇಳುತ್ತೇನೆ. ಪಿತೃಪಕ್ಷ ಬರುವುದು ಸೆಪ್ಟೆಂಬರ್ ಆಸುಪಾಸಿನಲ್ಲಿ. ಚಳಿಗಾಲಕ್ಕೆ ಕೊಬ್ಬು ಕೂಡಿಸಲು ಕರಡಿಗಳು ದಿನಕ್ಕೆ 20,000 ಕ್ಯಾಲೊರಿಯವರೆಗೂ ತಿನ್ನುವ ಕಾಲವೂ ಅದೇ. ಅನ್ನ, ವಡೆ, ಪಾಯಸ ಹಿತ್ತಲಿನಲ್ಲಿ ರಾತ್ರಿಯವರೆಗೆ ಉಳಿದರೆ ಕಾಗೆಗಿಂತ ಮೊದಲು ಕರಡಿ ಬಂದೀತು. ಹಗಲಿನಲ್ಲೇ ಚಿಕ್ಕ ಎಡೆ ಇಡಿ, ಹಕ್ಕಿ ಮುಟ್ಟುವವರೆಗೆ ಅಲ್ಲೇ ನಿಂತಿರಿ, ಉಳಿದದ್ದನ್ನು ಎಲೆಯ ಸಮೇತ ಒಳಗೆ ತನ್ನಿ.

ಯುಗಾದಿಗೂ ಇದೇ ಮಾತು. ಕರಡಿಗಳು ಬಿಲದಿಂದ ಹಸಿದು ಏಳುವುದು ಮಾರ್ಚ್, ಏಪ್ರಿಲ್ ಹೊತ್ತಿಗೆ. ಉಳಿದ ಹೋಳಿಗೆ, ಹೂರಣವನ್ನು ಗೊಬ್ಬರದ ಗುಂಡಿಗೆ ಹಾಕಬೇಡಿ. ಕರಿದ ಎಣ್ಣೆಯನ್ನು ಹಿತ್ತಲಿಗೆ ಚೆಲ್ಲಬೇಡಿ. ಹಕ್ಕಿಗಳಿಗೆಂದು ತೂಗುಹಾಕುವ ಕಾಳಿನ ಡಬ್ಬ ಎಲ್ಲಕ್ಕಿಂತ ದೊಡ್ಡ ಆಮಿಷ: ಮೂರು ಕಿಲೊ ಸೂರ್ಯಕಾಂತಿ ಬೀಜದಲ್ಲಿ ಸುಮಾರು 12,000 ಕ್ಯಾಲೊರಿ ಇರುತ್ತದೆ. ಕಾಡಿನಲ್ಲಿ ಅಷ್ಟು ಗಳಿಸಲು ಕರಡಿ ದಿನವಿಡೀ ಅಲೆಯಬೇಕು.

ಕರಡಿ ಕ್ಯಾಮೆರಾವನ್ನೇ ಕಚ್ಚಿ ಹಾಕಿತು. ಸಿಟ್ಟಿಗೋ, ಆಟಕ್ಕೋ?

ಕುತೂಹಲಕ್ಕೆ. ಹೊಸ ವಸ್ತು, ಪ್ಲಾಸ್ಟಿಕ್ಕಿನ ವಾಸನೆ, ನಮ್ಮ ಕೈಯ ವಾಸನೆ ಎಲ್ಲ ಸೇರಿ ಅದನ್ನು ಕರೆಯುತ್ತವೆ. ಕೊಲೊರಾಡೊದ ಬೌಲ್ಡರ್ ನಗರದವರು ತಮ್ಮ ಬಯಲು ಪ್ರದೇಶಗಳಲ್ಲಿ ಕಟ್ಟಿದ ಕ್ಯಾಮೆರಾಗಳಲ್ಲಿ ಒಂದು ಕರಡಿಯ ಕಣ್ಣಿಗೆ ಬಿತ್ತು. ಅದರಲ್ಲಿದ್ದ 580 ಚಿತ್ರಗಳ ಪೈಕಿ ಸುಮಾರು 400 ಚಿತ್ರಗಳು ಆ ಕರಡಿಯ ಮುಖದ್ದೇ. 2023ರ ಜನವರಿಯಲ್ಲಿ ನಗರದವರು ಅವನ್ನು ಹಂಚಿಕೊಂಡಾಗ ಲೋಕವೆಲ್ಲ ನೋಡಿತು.

ನನ್ನ ಒಂದು ಕ್ಯಾಮೆರಾದ ಕೊನೆಯ ಮೂರು ಚಿತ್ರಗಳನ್ನು ಇಂದಿಗೂ ಇಟ್ಟುಕೊಂಡಿದ್ದೇನೆ. ಮೊದಲನೆಯದರಲ್ಲಿ ಒದ್ದೆ ಮೂಗು, ಅದರ ಮೇಲೆ ಅಂಟಿದ ಒಂದು ಪೈನ್ ಎಲೆ. ಎರಡನೆಯದರಲ್ಲಿ ಮಸುಕಾದ ನಾಲಿಗೆ, ಅಂಗುಳಿನ ಗೆರೆಗಳು. ಮೂರನೆಯದರಲ್ಲಿ ಆಕಾಶ. ಕ್ಯಾಮೆರಾ ನೆಲದಲ್ಲಿ ಅಂಗಾತ ಬಿದ್ದಿತ್ತು. ಅದರ ಪ್ಲಾಸ್ಟಿಕ್ ಮುಚ್ಚಳದಲ್ಲಿ ಕೋರೆಹಲ್ಲು ಇಳಿದ ಎರಡು ತೂತುಗಳಿದ್ದವು. ಅಂದಿನಿಂದ ಉಕ್ಕಿನ ಪೆಟ್ಟಿಗೆಯೊಳಗೆ ಇಟ್ಟು, ತಂತಿಹಗ್ಗದಿಂದ ಮರಕ್ಕೆ ಬಿಗಿಯುತ್ತೇನೆ. ತಿಂಡಿ ಮುಟ್ಟಿದ ಕೈಯಲ್ಲಿ ಕ್ಯಾಮೆರಾ ಮುಟ್ಟುವುದಿಲ್ಲ.

ರಾತ್ರಿಯ ಬೆಳಕಿಗೆ ಅದರ ಕಣ್ಣು ಕೋರೈಸುವುದಿಲ್ಲವೇ?

ಈಗಿನ ಹೆಚ್ಚಿನ ಕ್ಯಾಮೆರಾಗಳಲ್ಲಿ ಹಿಂದಿನಂತೆ ಬಿಳಿಯ ಮಿಂಚು ಹೊಡೆಯುವುದಿಲ್ಲ, ಇನ್ಫ್ರಾರೆಡ್ ಬೆಳಕು ಬೀಳುತ್ತದೆ. ಆ ಬೆಳಕಿನ ಅಲೆಯ ಉದ್ದ 850 ನ್ಯಾನೊಮೀಟರ್ ಇರುವವು ಮಂದವಾಗಿ ಕೆಂಪಗೆ ಮಿನುಗುತ್ತವೆ, 940ರವು ನಮ್ಮ ಕಣ್ಣಿಗೆ ಕಾಣುವುದೇ ಇಲ್ಲ. ಎರಡನೆಯದು ಬೀದಿಯವರ ನಿದ್ದೆಗೂ ಒಳ್ಳೆಯದು, ಕಳ್ಳರ ಕಣ್ಣಿಗೂ ಬೀಳುವುದಿಲ್ಲ. ಆದರೆ ಚಿತ್ರ ತುಸು ಕತ್ತಲಾಗಿರುತ್ತದೆ, ದೂರ ಕಾಣುವುದಿಲ್ಲ. ಕಪ್ಪು ಪ್ರಾಣಿ, ಕಪ್ಪು ರಾತ್ರಿ, ಮಂದ ಬೆಳಕು ಮೂರೂ ಸೇರಿದಾಗ ಸಿಗುವುದು ಎರಡು ಹೊಳೆಯುವ ಕಣ್ಣು ಮಾತ್ರ. ಹತ್ತು ಹೆಜ್ಜೆಯೊಳಗೆ ಕರಡಿ ಹಾಯುವಂಥ ಜಾಗ ಆರಿಸಿ.

ಬ್ಯಾಟರಿ ಯಾವುದು? ಗಡಿಯಾರ ಹೇಗೆ ಇಡಬೇಕು?

ಲಿಥಿಯಂ ಬ್ಯಾಟರಿ. ಇಲ್ಲಿನ ಚಳಿಯಲ್ಲಿ ಆಲ್ಕಲೈನ್ ಬೇಗ ಸೋಲುತ್ತದೆ. ಗಡಿಯಾರವನ್ನು ವರ್ಷವಿಡೀ ಒಂದೇ ಸಮಯಕ್ಕೆ ಇಡಿ. ಮಾರ್ಚ್, ನವೆಂಬರ್‌ನಲ್ಲಿ ಅಮೆರಿಕ ಗಡಿಯಾರ ತಿರುಗಿಸುವಾಗ ನೀವೂ ತಿರುಗಿಸಿದರೆ ಆಮೇಲೆ ಲೆಕ್ಕವೆಲ್ಲ ಗೋಜಲು.

ಪಕ್ಕದ ಮನೆಯವರು ಆಕ್ಷೇಪಿಸಿದರೆ?

ಆಕ್ಷೇಪಿಸುವ ಮೊದಲೇ ಹೋಗಿ ಹೇಳಿ. ಕ್ಯಾಮೆರಾ ಯಾರ ಕಿಟಕಿ, ಈಜುಕೊಳ, ಅಂಗಳದತ್ತಲೂ ನೋಡಬಾರದು. ನಿಮ್ಮ ಜಾಗದಲ್ಲಿ ಕಟ್ಟುವುದಕ್ಕೂ ಬಡಾವಣೆಯ ಸಂಘದ ನಿಯಮ ಕೇಳಿಕೊಳ್ಳಿ. ಸರ್ಕಾರಿ ಕಾಡು, ಉದ್ಯಾನವಾದರೆ ಅನುಮತಿ ಬೇಕು. ಮನುಷ್ಯರು ಬಿದ್ದ ಚಿತ್ರಗಳನ್ನು ನಾನು ನೋಡಿದ ತಕ್ಷಣ ಅಳಿಸುತ್ತೇನೆ, ಮನೆಯವರಿಗೂ ತೋರಿಸುವುದಿಲ್ಲ. ಹಾಗೆಯೇ ಕರಡಿಯ ಚಿತ್ರ ಹಂಚುವಾಗ ಯಾವ ಮರ, ಯಾವ ಬೀದಿ ಎಂದು ಹೇಳುವುದಿಲ್ಲ. ಮರಿಗಳಿರುವ ಜಾಗ ತಿಳಿದರೆ ನೋಡಲು ಜನ ಸೇರುತ್ತಾರೆ.

ಚಳಿಗಾಲವಿಡೀ ಮಲಗಿರುತ್ತದಲ್ಲ, ಕ್ಯಾಮೆರಾ ತೆಗೆದಿಡಲೇ?

ತೆಗೆಯಬೇಡಿ. ಕರಡಿಯ ಚಳಿಗಾಲದ ನಿದ್ದೆ ಹಗುರವಾದದ್ದು. ತಿಂಗಳುಗಟ್ಟಲೆ ತಿನ್ನದೆ, ಕುಡಿಯದೆ ಇದ್ದರೂ ಮೈಯ ಬಿಸಿ ಕೆಲವೇ ಡಿಗ್ರಿ ಇಳಿಯುತ್ತದೆ. ಹೊರಗೆ ತಿನ್ನಲು ಸಿಗುವ ಕಡೆ ಬೆಚ್ಚಗಿನ ದಿನಗಳಲ್ಲಿ ಎದ್ದು ಬರುತ್ತದೆ. ಜನವರಿಯಲ್ಲೂ ಕಸದ ಬಳಿ ಕರಡಿ ಕಂಡರೆ ಅದು ನಿಮ್ಮ ಬೀದಿಯ ಡಬ್ಬಗಳ ಬಗ್ಗೆ ದೂರು ಎಂದುಕೊಳ್ಳಿ.

ಮರಿಗಳು ಹುಟ್ಟುವುದೂ ಜನವರಿಯಲ್ಲೇ, ಬಿಲದೊಳಗೆ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕವಾಗಿ. ಮನೆಯ ಹಿಂದಿನ ಮರದ ಜಗಲಿಯ ಕೆಳಗೂ ಕರಡಿ ಬಿಲ ಮಾಡುವುದುಂಟು. ಅಲ್ಲಿ ಅಂಥದ್ದಿದೆ ಎಂದು ಅನುಮಾನ ಬಂದರೆ ಹತ್ತಿರ ಹೋಗಿ ಕ್ಯಾಮೆರಾ ಕಟ್ಟಬೇಡಿ. ತಾಯಿ ಬೆದರಿ ಎದ್ದು ಹೋದರೆ ಮರಿಗಳು ಉಳಿಯುವುದಿಲ್ಲ. ವನ್ಯಜೀವಿ ಇಲಾಖೆಗೆ ತಿಳಿಸಿ.

## ಚಿತ್ರ ಓದುವಾಗ

ಇದು ಮರಿಯೋ ದೊಡ್ಡದೋ, ಗಂಡೋ ಹೆಣ್ಣೋ?

ಕಿವಿ ನೋಡಿ. ತಲೆಗೆ ಹೋಲಿಸಿದರೆ ಕಿವಿ ದೊಡ್ಡದಾಗಿ, ತಲೆಯ ಮೇಲೆ ನೆಟ್ಟಗೆ ನಿಂತಂತೆ ಕಂಡರೆ ಎಳೆಯ ಕರಡಿ. ತಲೆ ಅಗಲವಾಗಿ, ಕಿವಿಗಳು ಚಿಕ್ಕದಾಗಿ ಬದಿಗೆ ಸರಿದಂತೆ ಕಂಡರೆ ವಯಸ್ಸಾದ ಗಂಡು ಇರಬಹುದು. ಜೊತೆಗೆ ಮರಿಗಳಿದ್ದರೆ ಹೆಣ್ಣು ಎಂದು ಖಚಿತ. ಉಳಿದಂತೆ ‘ಗೊತ್ತಿಲ್ಲ’ ಎಂದು ಬರೆಯುವುದೇ ಪ್ರಾಮಾಣಿಕತೆ. ನನ್ನ ಪುಸ್ತಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲುಗಳಲ್ಲಿ ಹಾಗೆಯೇ ಇದೆ.

ಜೂನ್‌ನಲ್ಲಿ ಒಂಟಿ ಎಳೆಯ ಕರಡಿಗಳ ಚಿತ್ರ ಹೆಚ್ಚು ಬರುತ್ತದೆ. ಒಂದೂವರೆ ವರ್ಷದ ಮರಿಗಳನ್ನು ತಾಯಿ ದೂರ ಮಾಡುವ ತಿಂಗಳು ಅದು. ಗಂಡುಮರಿಗಳು ನೆಲೆ ಹುಡುಕುತ್ತಾ ಬಡಾವಣೆಗಳ ನಡುವೆ ದಿಕ್ಕು ತಪ್ಪಿ ಅಲೆಯುತ್ತವೆ. ಅನಾಥ ಮರಿ ಎಂದು ಹಲವರು ಗಾಬರಿಯಿಂದ ಫೋನ್ ಮಾಡುವುದು ಇವುಗಳನ್ನು ನೋಡಿಯೇ.

ಕಿವಿಯಲ್ಲಿ ಓಲೆಯಂಥದ್ದು ಇದೆ. ಸಾಕಿದ್ದೇ?

ಅಲ್ಲ. ಜೀವಶಾಸ್ತ್ರಜ್ಞರು ಹಿಡಿದು, ಅಳೆದು, ಗುರುತು ಹಾಕಿ ಬಿಟ್ಟ ಕಾಡುಕರಡಿ. ಆ ಗುರುತಿನ ಬಣ್ಣ, ಸಂಖ್ಯೆ ಕಂಡರೆ ಇಲಾಖೆಗೆ ಚಿತ್ರ ಕಳುಹಿಸಿ, ಅವರಿಗೆ ಬಹಳ ಉಪಯೋಗ.

ನಮ್ಮ ಮನೆಗೆ ದಿನಾ ಬರುವುದು ಒಂದೇ ಕರಡಿ. ಹೌದಲ್ಲವೇ?

ಹೌದು ಎನ್ನಲು ಆಗುವುದಿಲ್ಲ. ನಾನೂ ಮೊದಲ ಎರಡು ವರ್ಷ ‘ನಮ್ಮ ಕರಡಿ’ ಎಂದೇ ಹೇಳುತ್ತಿದ್ದೆ. ಒಂದು ರಾತ್ರಿ ಏಳು ನಿಮಿಷದ ಅಂತರದಲ್ಲಿ ಎರಡು ಕ್ಯಾಮೆರಾಗಳಲ್ಲಿ ಎರಡು ಚಿತ್ರ ಬಂದವು. ಒಂದರ ಎದೆಯಲ್ಲಿ ಬಿಳಿಯ ಮಚ್ಚೆ, ಇನ್ನೊಂದರ ಎದೆ ಪೂರ್ತಿ ಕಪ್ಪು. ಹಳೆಯ ಚಿತ್ರಗಳನ್ನೆಲ್ಲ ಮತ್ತೆ ತೆಗೆದು ನೋಡಿದರೆ ಕನಿಷ್ಠ ನಾಲ್ಕು ಕರಡಿಗಳಿದ್ದವು.

ಇದು ತಮಾಷೆಯ ವಿಷಯವಲ್ಲ, ಪ್ರಾಣದ ವಿಷಯ. ಕ್ಯಾಲಿಫೋರ್ನಿಯದ ಸೌತ್ ಲೇಕ್ ಟಾಹೊ ಊರಿನಲ್ಲಿ ಮನೆಗಳಿಗೆ ನುಗ್ಗಿದ್ದೆಲ್ಲ ಒಂದೇ ದೈತ್ಯ ಕರಡಿ ಎಂದು ಜನ ನಂಬಿದ್ದರು. ಅದಕ್ಕೆ ‘ಹ್ಯಾಂಕ್ ದ ಟ್ಯಾಂಕ್’ ಎಂಬ ಹೆಸರೂ ಬಿತ್ತು, ಅದನ್ನು ಕೊಲ್ಲಬೇಕೇ ಎಂಬ ಚರ್ಚೆಯೂ ನಡೆಯಿತು. 2022ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದಾಗ ಕನಿಷ್ಠ ಮೂರು ಕರಡಿಗಳು ಆ ಕೆಲಸ ಮಾಡಿದ್ದವು ಎಂದು ತಿಳಿಯಿತು. ಮರುವರ್ಷ ಹಿಡಿದ ಮುಖ್ಯ ಕರಡಿ ಹೆಣ್ಣು, ಜೊತೆಯಲ್ಲಿ ಮೂರು ಮರಿಗಳು. ಅದನ್ನು ಕೊಲೊರಾಡೊದ ಪ್ರಾಣಿಧಾಮಕ್ಕೆ ಕಳುಹಿಸಿದರು. ಬರಿಗಣ್ಣಿನ ಗುರುತನ್ನು ನಂಬಿ ಶಿಕ್ಷೆ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ.

ಖಚಿತವಾಗಿ ಗುರುತು ಸಿಗುವ ಕರಡಿಗಳೂ ಉಂಟು. ಮುಂಗಾಲುಗಳಿಗೆ ಪೆಟ್ಟಾಗಿ ಹಿಂಗಾಲಿನ ಮೇಲೆ ಮನುಷ್ಯರಂತೆ ನಡೆಯುತ್ತಿದ್ದ ‘ಪೆಡಲ್ಸ್’ ನಮ್ಮ ರಾಜ್ಯದ್ದೇ. ಬಡಾವಣೆಯವರು ತೆಗೆದ ವಿಡಿಯೊಗಳಿಂದಲೇ ಅದು ಪ್ರಸಿದ್ಧವಾಯಿತು. 2016ರ ಬೇಟೆಯ ಕಾಲದ ನಂತರ ಅದು ಮತ್ತೆ ಕಾಣಿಸಲಿಲ್ಲ.

ಒಂದೇ ವಾರದಲ್ಲಿ 200 ಚಿತ್ರ ಬಂದಿವೆ. ಕರಡಿಗಳು ಹೆಚ್ಚಾಗಿವೆ ಎಂದಲ್ಲವೇ?

ಒಂದು ಕರಡಿ ಕ್ಯಾಮೆರಾದ ಮುಂದೆ ಕುಳಿತು ಬೆನ್ನು ಕೆರೆದುಕೊಂಡರೆ ಅರ್ಧ ಗಂಟೆಯಲ್ಲಿ 200 ಚಿತ್ರ ಬರುತ್ತವೆ. ಚಿತ್ರ ಎಣಿಸಬೇಡಿ, ಭೇಟಿ ಎಣಿಸಿ. ಒಂದು ಚಿತ್ರಕ್ಕೂ ಮುಂದಿನದಕ್ಕೂ ಅರ್ಧ ಗಂಟೆಗಿಂತ ಹೆಚ್ಚು ಅಂತರವಿದ್ದರೆ ಮಾತ್ರ ಬೇರೆ ಭೇಟಿ ಎಂದು ಲೆಕ್ಕ ಹಾಕುವುದು ವಾಡಿಕೆ. ಎಷ್ಟು ಕ್ಯಾಮೆರಾ ಎಷ್ಟು ರಾತ್ರಿ ಕೆಲಸ ಮಾಡಿತು ಎಂಬುದನ್ನೂ ಬರೆದಿಡಿ. ಮೂರು ಕ್ಯಾಮೆರಾ 20 ರಾತ್ರಿ ನಡೆದರೆ 60 ಕ್ಯಾಮೆರಾ-ರಾತ್ರಿ. 60ಕ್ಕೆ ಆರು ಭೇಟಿ, ಮುಂದಿನ ವರ್ಷ 120ಕ್ಕೆ ಎಂಟು ಭೇಟಿ ಬಂದರೆ ಭೇಟಿ ಹೆಚ್ಚಾಗಿಲ್ಲ, ಕಡಿಮೆಯಾಗಿದೆ. ಬ್ಯಾಟರಿ ಸತ್ತ ದಿನಗಳನ್ನು ಕಳೆಯಲು ಮರೆಯಬೇಡಿ. ಓಕ್ ಕಾಯಿ ಕಡಿಮೆ ಬಿಟ್ಟ ವರ್ಷ ಕರಡಿಗಳ ಸಂಖ್ಯೆ ಹೆಚ್ಚದೆಯೇ ಬೀದಿಗೆ ಬರುವುದು ಹೆಚ್ಚಾಗುತ್ತದೆ.

ಸಾವಿರಾರು ಚಿತ್ರಗಳನ್ನು ಕುಳಿತು ನೋಡುವವರು ಯಾರು? ಕಂಪ್ಯೂಟರಿಗೆ ಬಿಡಬಹುದೇ?

ಅರ್ಧ ಕೆಲಸ ಬಿಡಬಹುದು. ‘ಮೆಗಾಡಿಟೆಕ್ಟರ್’ ಎಂಬ ಉಚಿತ ತಂತ್ರಾಂಶ ಚಿತ್ರದಲ್ಲಿ ಪ್ರಾಣಿ ಇದೆಯೇ, ಮನುಷ್ಯ ಇದ್ದಾನೆಯೇ, ವಾಹನ ಇದೆಯೇ ಎಂದು ಬೇರ್ಪಡಿಸುತ್ತದೆ. ಗಾಳಿಗೆ ಅಲ್ಲಾಡಿದ ಎಲೆಯ ಚಿತ್ರಗಳೆಲ್ಲ ಪಕ್ಕಕ್ಕೆ ಹೋಗುತ್ತವೆ. ಯಾವ ಪ್ರಾಣಿ ಎಂದು ಹೇಳುವುದು ಬೇರೆ ತಂತ್ರಾಂಶಗಳ ಕೆಲಸ. ರಾತ್ರಿಯ ಕಪ್ಪು ನಾಯಿಯನ್ನು ಕರಡಿ ಎನ್ನದಂತೆ ನಾವು ಕಣ್ಣಿಡಬೇಕು. ಕೆನಡಾ ಮತ್ತು ಅಲಾಸ್ಕದ ಕಂದು ಕರಡಿಗಳ ಮುಖ ನೋಡಿ ಒಂದೊಂದನ್ನೂ ಗುರುತಿಸುವ ‘ಬೇರ್‌ಐಡಿ’ ಎಂಬ ಪ್ರಯತ್ನ 2020ರಲ್ಲಿ 132 ಕರಡಿಗಳ ಮೇಲೆ 84 ಶೇಕಡಾ ಸರಿಯಾಗಿತ್ತು. ಅವು ಹಗಲಿನಲ್ಲಿ ತೆಗೆದ ಸ್ಪಷ್ಟ ಚಿತ್ರಗಳು. ಹಿತ್ತಲಿನ ನಡುರಾತ್ರಿಯ ಚಿತ್ರದಿಂದ ಅಷ್ಟನ್ನು ನಿರೀಕ್ಷಿಸಬೇಡಿ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ನಾಗರಹೊಳೆಯಲ್ಲಿ ಹುಲಿ ಎಣಿಸಿದ ಹಾಗೆ ಕರಡಿಯನ್ನು ಎಣಿಸಲಾಗದೇ?

ಒಳ್ಳೆಯ ಪ್ರಶ್ನೆ. ಕನ್ನಡಿಗರಿಂದಲೇ ಬರುವಂಥದ್ದು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ತೋರಿಸಿದ ದಾರಿ ಇದು: ಪ್ರತಿ ಹುಲಿಯ ಪಟ್ಟೆ ಬೇರೆ. ದಾರಿಯ ಎರಡೂ ಬದಿ ಕ್ಯಾಮೆರಾ ಇಟ್ಟು, ಯಾವ ಹುಲಿ ಎಷ್ಟು ಸಲ ಮರಳಿ ಬಿತ್ತು ಎಂದು ನೋಡಿದರೆ, ಬೀಳದೆ ಉಳಿದವು ಎಷ್ಟಿರಬಹುದು ಎಂದು ಗಣಿತದಿಂದ ಅಂದಾಜಿಸಬಹುದು. ಜಗತ್ತಿನ ಬೇರೆ ಬೇರೆ ಕಡೆ ಚಿರತೆ, ಜಾಗ್ವಾರ್‌ಗಳಿಗೂ ಅದೇ ಬುನಾದಿ.

ಕಪ್ಪು ಕರಡಿಗೆ ಪಟ್ಟೆಯಿಲ್ಲ, ಚುಕ್ಕೆಯಿಲ್ಲ. ಎದೆಯ ಬಿಳಿ ಗುರುತು ಎಲ್ಲದಕ್ಕೂ ಇರುವುದಿಲ್ಲ. ಅದಕ್ಕಾಗಿ ಸಂಶೋಧಕರು ಬೇರೆ ದಾರಿಗಳನ್ನು ಹಿಡಿಯುತ್ತಾರೆ. ಮುಳ್ಳುತಂತಿ ಸುತ್ತಿ ಅದಕ್ಕೆ ಸಿಕ್ಕ ಕೂದಲಿನ ಡಿಎನ್‌ಎಯಿಂದ ಒಂದೊಂದನ್ನೂ ಗುರುತಿಸುವುದು ಒಂದು. ಕಿವಿಗುರುತು, ರೇಡಿಯೊ ಕಾಲರ್ ಇರುವ ಕೆಲವನ್ನು ಆಧಾರವಾಗಿಟ್ಟು, ಕ್ಯಾಮೆರಾದಲ್ಲಿ ಬಿದ್ದವುಗಳಲ್ಲಿ ಗುರುತಿರುವವು ಎಷ್ಟು, ಇಲ್ಲದವು ಎಷ್ಟು ಎಂದು ಹೋಲಿಸುವುದು ಇನ್ನೊಂದು. ಸಂಖ್ಯೆಯನ್ನು ಬಿಟ್ಟು, ಯಾವ ಯಾವ ಜಾಗದಲ್ಲಿ ಕರಡಿ ಇದೆ ಎಂಬುದನ್ನು ಮಾತ್ರ ಲೆಕ್ಕ ಹಾಕುವುದು ಮೂರನೆಯದು. ಇದ್ದರೂ ಕ್ಯಾಮೆರಾಕ್ಕೆ ಬೀಳದಿರುವ ಸಾಧ್ಯತೆಯನ್ನೂ ಆ ಗಣಿತ ಗಣನೆಗೆ ತೆಗೆದುಕೊಳ್ಳುತ್ತದೆ. ಹಿತ್ತಲ ಕ್ಯಾಮೆರಾದವರಿಗೆ ಒಗ್ಗುವುದು ಈ ಮೂರನೆಯದೇ.

ನನ್ನ ಒಂದು ಕ್ಯಾಮೆರಾದಿಂದ ವಿಜ್ಞಾನಕ್ಕೆ ಏನು ಉಪಯೋಗ?

ನಾರ್ತ್ ಕ್ಯಾರೊಲೈನದಲ್ಲಿ 2016ರಿಂದ 2019ರವರೆಗೆ ‘ಕ್ಯಾಂಡಿಡ್ ಕ್ರಿಟ್ಟರ್ಸ್’ ಎಂಬ ಯೋಜನೆ ನಡೆಯಿತು. ಸಾರ್ವಜನಿಕ ಗ್ರಂಥಾಲಯಗಳಿಂದ ಪುಸ್ತಕ ತರುವ ಹಾಗೆ ಜನ ಕ್ಯಾಮೆರಾ ಎರವಲು ತಂದು, ತಮ್ಮ ಹಿತ್ತಲಿನಲ್ಲಿ ಕಟ್ಟಿ, ಚಿತ್ರ ಕಳುಹಿಸಿದರು. ರಾಜ್ಯದ 100 ಕೌಂಟಿಗಳಿಂದಲೂ ಮಾಹಿತಿ ಬಂತು. 2019ರಲ್ಲಿ 50 ರಾಜ್ಯಗಳಲ್ಲೂ ಆರಂಭವಾದ ‘ಸ್ನ್ಯಾಪ್‌ಶಾಟ್ ಯುಎಸ್‌ಎ’ ಯೋಜನೆ ದೇಶದ ಹಲವು ಕಡೆ ಪ್ರತಿ ವರ್ಷ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಒಂದೇ ಕ್ರಮದಲ್ಲಿ ಕ್ಯಾಮೆರಾ ಇಡುತ್ತದೆ. ಖಾಸಗಿ ಜಾಗದೊಳಗೆ ಸಂಶೋಧಕರಿಗೆ ಸುಲಭವಾಗಿ ಹೋಗಲಾಗದು, ನಿಮ್ಮ ಹಿತ್ತಲಿಗೆ ನೀವೇ ಹೋಗಬಲ್ಲಿರಿ. ತಿಂಡಿ ಇಡದೆ, ದಿನಾಂಕ ಸರಿಯಿಟ್ಟು, ಕರಡಿ ಬಾರದ ದಿನಗಳನ್ನೂ ದಾಖಲಿಸಿದರೆ ನಿಮ್ಮ ಚಿತ್ರಕ್ಕೆ ಬೆಲೆಯಿದೆ.

ಊರಿನ ಕರಡಿ ಕಾಡಿನ ಕರಡಿಗಿಂತ ಬೇರೆಯೇ?

ಮೈಯಲ್ಲೇ ಬೇರೆಯಾಗುತ್ತಿದೆ. ನಾರ್ತ್ ಕ್ಯಾರೊಲೈನದ ಆಶ್‌ವಿಲ್ ನಗರದಲ್ಲಿ 2014ರಿಂದ ಅಧ್ಯಯನ ಮಾಡಿದವರು ಒಂದು ವರ್ಷದ ಹೆಣ್ಣುಕರಡಿಗಳನ್ನು ತೂಗಿ ನೋಡಿದರು. ನಗರದ್ದು ಸುಮಾರು 45 ಕಿಲೊ, ಕಾಡಿನದು ಅದರ ಅರ್ಧದಷ್ಟು. ನಗರದ ಹೆಣ್ಣುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಎರಡನೆಯ ವಯಸ್ಸಿಗೇ ಮರಿ ಹಾಕಿದ್ದವು, ಕಾಡಿನ ಗುಂಪಿನಲ್ಲಿ ಆ ವಯಸ್ಸಿಗೆ ಒಂದೂ ಹಾಕಿರಲಿಲ್ಲ. ದಷ್ಟಪುಷ್ಟವಾಗಿ ಬೆಳೆಯುತ್ತಿವೆ ಎಂದು ಸಂತೋಷಪಡುವ ಮೊದಲು, ಊರಿನ ಕರಡಿಗೆ ಹೆಜ್ಜೆಹೆಜ್ಜೆಗೂ ರಸ್ತೆ ದಾಟುವುದಿದೆ ಎಂಬುದನ್ನು ನೆನೆಯಬೇಕು.

ಹಿಡಿದು ದೂರದ ಕಾಡಿಗೆ ಬಿಟ್ಟರಾಯಿತಲ್ಲ?

ಬಹಳ ಸಲ ಮರಳಿ ಬರುತ್ತದೆ, ಇಲ್ಲವೇ ದಾರಿಯಲ್ಲಿ ಸಾಯುತ್ತದೆ, ಇಲ್ಲವೇ ಹೊಸ ಜಾಗದಲ್ಲೂ ಕಸವನ್ನೇ ಹುಡುಕುತ್ತದೆ. ಬೀದಿಯಲ್ಲಿ ಡಬ್ಬ ಹಾಗೆಯೇ ತೆರೆದಿದ್ದರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಕರಡಿ ಬರುತ್ತದೆ. ಕೊಲೊರಾಡೊದ ಡುರಾಂಗೊದಲ್ಲಿ 1,110 ಮನೆಗಳಿಗೆ ಕರಡಿಗೆ ತೆರೆಯಲಾಗದ ಕಸದ ಡಬ್ಬ ಕೊಟ್ಟು ನೋಡಿದರು. ಆ ಭಾಗಗಳಲ್ಲಿ ಕಸದಿಂದಾಗುವ ತೊಂದರೆ ಉಳಿದ ಭಾಗಗಳಿಗಿಂತ 60 ಶೇಕಡಾ ಕಡಿಮೆಯಾಯಿತು. ನನ್ನ ಮಟ್ಟಿಗೆ, ಕ್ಯಾಮೆರಾಕ್ಕೆ ಕೊಡುವ ಹಣದಲ್ಲಿ ಮೊದಲು ಅಂಥ ಡಬ್ಬ ಕೊಳ್ಳಿ ಎಂದೇ ಹೇಳುತ್ತೇನೆ.

ಇಷ್ಟು ವರ್ಷ ಚಿತ್ರ ತೆಗೆದು ನಿಮ್ಮ ಬೀದಿಯಲ್ಲಿ ಏನಾಯಿತು?

ಬುಧವಾರದ ರಾತ್ರಿಗಳ ಪಟ್ಟಿಯನ್ನು ಒಂದು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ಕಸದ ಚೀಲ ಹರಿಯುತ್ತಿರುವ ಕರಡಿಯ ಚಿತ್ರ ಅಂಟಿಸಿ, ಬೀದಿಯ ಮನೆಮನೆಗೆ ಹೋಗಿ ತೋರಿಸಿದೆ. ಯಾರನ್ನೂ ದೂರಲಿಲ್ಲ, ಚಿತ್ರದಲ್ಲಿದ್ದದ್ದು ನಮ್ಮ ಮನೆಯ ಡಬ್ಬವೇ. ಹದಿನಾಲ್ಕು ಮನೆಗಳಲ್ಲಿ ಹನ್ನೊಂದು ಮನೆಯವರು ಗುರುವಾರ ಬೆಳಿಗ್ಗೆಯೇ ಡಬ್ಬ ಹೊರಗಿಡಲು ಒಪ್ಪಿದರು. ಮುಂದಿನ ಬೇಸಿಗೆಯಲ್ಲಿ ಬುಧವಾರ ರಾತ್ರಿಯ ಭೇಟಿಗಳು ಹತ್ತೊಂಬತ್ತರಿಂದ ಐದಕ್ಕೆ ಇಳಿದವು. ಕರಡಿಗಳು ಈಗಲೂ ಮೋರಿಯಿಂದ ಬಂದು ಬೇಲಿಯ ಪಕ್ಕ ಹಾದುಹೋಗುತ್ತವೆ, ಆದರೆ ನಿಲ್ಲುವುದು ಕಡಿಮೆ.

ಉಳಿದ ಐದು ಭೇಟಿಗಳೂ ಕೆಳಗಿನ ತಿರುವಿನ ಮನೆಯವು. ಅಲ್ಲಿ ಎಂಬತ್ತು ದಾಟಿದ ಅಜ್ಜ ಒಬ್ಬರೇ ಇರುತ್ತಾರೆ. ಬೆಳಗಿನ ಚಳಿಯಲ್ಲಿ ಭಾರದ ಡಬ್ಬವನ್ನು ಇಳಿಜಾರಿನಲ್ಲಿ ತಳ್ಳಲು ಅವರಿಗೆ ಆಗುವುದಿಲ್ಲ, ಅದಕ್ಕೇ ಹಿಂದಿನ ಮಧ್ಯಾಹ್ನವೇ ಇಡುತ್ತಿದ್ದರು. ಈಗ ಗುರುವಾರ ಬೆಳಿಗ್ಗೆ ಆರಕ್ಕೆ ನಮ್ಮ ಡಬ್ಬದ ಜೊತೆ ಅವರದ್ದನ್ನೂ ನಾನೇ ತಳ್ಳಿ ಬರುತ್ತೇನೆ.